ತೋಟ ಬೇರೆ, ಕೊನೆಗೌಡರು ಬೇರೆ

ಕೇಳುಗರಿಗೆ ನಮಸ್ಕಾರ.

ಶಿರಸಿ ಸೀಮೆಯ ತೋಟಗಳಲ್ಲಿ ಅಡಿಕೆ ಕೊಯ್ಲು ನೀವು ನೋಡಿರುತ್ತೀರಿ. ಕೊನೆಗೌಡರು ಮರ ಹತ್ತುತ್ತಾರೆ. ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ದು ಹಗ್ಗದ ಮೇಲೆ ಕೆಳಗೆ ಬಿಡುತ್ತಾರೆ. ಆಮೇಲೆ ಇಳಿಯುವುದೇ ಇಲ್ಲ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಮಕ್ಕಳಿಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯ ಇಟರೇಟರ್ ಹೇಳಿಕೊಡುವಾಗ ನಾನು ಶುರು ಮಾಡುವುದು ಇಲ್ಲಿಂದಲೇ.

ಲಿಸ್ಟ್, ಅಂದರೆ ವಸ್ತುಗಳ ಪಟ್ಟಿ, ಒಂದು ತೋಟ ಇದ್ದ ಹಾಗೆ. ಪಟ್ಟಿಯ ವಸ್ತುಗಳನ್ನು ಒಂದೊಂದಾಗಿ ತೆಗೆದುಕೊಡುವ ಇಟರೇಟರ್ ಅಂದರೆ ಮರದ ಮೇಲಿರುವವರು. ಎಷ್ಟು ಮರ ಆಯಿತು, ಮುಂದಿನದು ಯಾವುದು ಅನ್ನುವುದು ತೋಟಕ್ಕೆ ಗೊತ್ತಿಲ್ಲ, ಮೇಲಿರುವವರಿಗೆ ಗೊತ್ತು. 'ಇಟರ್' ಅಂತ ಕರೆದರೆ ಲಿಸ್ಟ್ ಒಂದು ಹೊಸ ಇಟರೇಟರ್ ಕೊಡುತ್ತದೆ. ಅದಕ್ಕೆ 'ನೆಕ್ಸ್ಟ್' ಅಂದಾಗೆಲ್ಲ ಒಂದೊಂದು ವಸ್ತು ಕೈಗೆ ಬರುತ್ತದೆ. ಮುಗಿದಾಗ 'ಸ್ಟಾಪ್ ಇಟರೇಶನ್' ಅನ್ನುತ್ತದೆ. ಒಂದೇ ಕೆಲಸವನ್ನು ಪ್ರತಿ ವಸ್ತುವಿಗೂ ಮಾಡಿಸಲು ನಾವು ದಿನಾ ಬರೆಯುವ ಫಾರ್ ಲೂಪ್ ಒಳಗೊಳಗೆ ಮಾಡುವುದು ಇಷ್ಟನ್ನೇ. ಹೋಲಿಕೆ ಒಂದು ಕಡೆ ಮಾತ್ರ ಕೂಡುವುದಿಲ್ಲ. ಇಟರೇಟರ್ ಹೋದ ಮೇಲೂ ಲಿಸ್ಟಿನ ಮರಗಳಲ್ಲಿ ಕೊನೆ ಹಾಗೇ ಇರುತ್ತದೆ.

ಲಿಸ್ಟ್ ಬೇರೆ, ಇಟರೇಟರ್ ಬೇರೆ ಅನ್ನುವುದು ನನಗೆ ಮನದಟ್ಟಾಗಿದ್ದು ಒಂದು ತಪ್ಪಿನಿಂದ. ಅಡಿಕೆ ಮಾರಾಟದ ಲೆಕ್ಕ ಒಂದು ಫೈಲಿನಲ್ಲಿತ್ತು, ಸಾಲಿಗೊಂದು ಚೀಲ. ಮೊದಲನೇ ಲೂಪಿನಲ್ಲಿ ಚೀಲ ಎಣಿಸಿದೆ. ಎರಡನೇ ಲೂಪಿನಲ್ಲಿ ತೂಕ ಕೂಡಿಸಿದೆ. ತೂಕ ಸೊನ್ನೆ ಬಂತು! ಎರರ್ ಅಂತೂ ಒಂದೂ ಇಲ್ಲ. ಅರ್ಧ ದಿನ ತೂಕದ ಕಾಲಮ್ಮನ್ನೇ ಹುಡುಕಿದೆ. ತೂಕ ಸರಿಯಾಗೇ ಇತ್ತು. ಪೈಥಾನಿನಲ್ಲಿ ತೆರೆದ ಫೈಲ್ ತಾನೇ ಇಟರೇಟರ್. ಮೊದಲನೇ ಲೂಪಿಗೇ ಅದು ಕೊನೇ ಸಾಲು ಮುಟ್ಟಿ ನಿಂತಿತ್ತು. ಎರಡನೇ ಲೂಪಿಗೆ ಕೊಡಲು ಏನೂ ಉಳಿದಿರಲಿಲ್ಲ. ಫೈಲನ್ನು ಮತ್ತೆ ತೆರೆಯಬಹುದಿತ್ತು. ನಾನು ಎರಡೂ ಲೆಕ್ಕವನ್ನು ಒಂದೇ ಲೂಪಿನಲ್ಲಿ ಮಾಡಿದೆ.

ಹಾಗಾದರೆ ಎಲ್ಲವನ್ನೂ ಲಿಸ್ಟಿಗೇ ತುಂಬಿಟ್ಟರೆ ಆಗದಾ ಅಂತ ಮಕ್ಕಳು ಕೇಳುತ್ತಾರೆ. ಸಣ್ಣ ಫೈಲಾದರೆ ಧಾರಾಳವಾಗಿ ತುಂಬಿ. ಹತ್ತು ಲಕ್ಷ ಸಾಲಿದ್ದರೆ? ಅಷ್ಟೂ ಒಟ್ಟಿಗೇ ಮೆಮೊರಿಗೆ ಬಂದು ಕೂರುತ್ತದೆ. ಕೊನೆ ಒಂದೊಂದಾಗಿ ಇಳಿದರೆ ಕೆಳಗೆ ಹಿಡಿಯಲು ಒಬ್ಬರು ಸಾಕು ಅಲ್ವಾ? ಇಟರೇಟರಿನ ಅನುಕೂಲವೂ ಅದೇ, ಒಂದು ಸಲಕ್ಕೆ ಒಂದೇ ಸಾಲು.

ಇದು ಪೈಥಾನಿನವರೇ ಮೊದಲು ಕಂಡುಕೊಂಡಿದ್ದಲ್ಲ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲೇ ಕಟ್ಟಿದ 'ಕ್ಲೂ' ಭಾಷೆಯಲ್ಲಿ ಇಟರೇಟರ್ ಇತ್ತು, 'ಯೀಲ್ಡ್' ಅನ್ನುವ ಪದವೂ ಇತ್ತು. ಪೈಥಾನಿಗೆ ಇವೆರಡೂ ಬಂದಿದ್ದು 2001ರಲ್ಲಿ, 2.2ನೇ ಆವೃತ್ತಿಯಲ್ಲಿ. ಯೀಲ್ಡ್ ನನಗೆ ತುಂಬಾ ಇಷ್ಟ. ಅದಿರುವ ಫಂಕ್ಷನ್, ಅಂದರೆ ಹೆಸರಿಟ್ಟು ಬರೆದ ಪ್ರೋಗ್ರಾಂ ತುಣುಕು, ಒಂದು ಮೌಲ್ಯ ಕೊಟ್ಟು ಅಲ್ಲೇ ನಿಲ್ಲುತ್ತದೆ. ಮತ್ತೆ ಕೇಳಿದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಕಲಿಯುತ್ತಿರುವವರು ಇವತ್ತೇ ಮೂರು ಊರಿನ ಲಿಸ್ಟ್ ಮಾಡಿ: ಕಾರವಾರ, ಕುಮಟಾ, ಶಿರಸಿ. ಅದರಿಂದ ಒಂದು ಇಟರೇಟರ್ ತೆಗೆದು ನಾಲ್ಕು ಸಲ ನೆಕ್ಸ್ಟ್ ಅನ್ನಿ. ನಾಲ್ಕನೇ ಸಲ ಪರದೆಯ ಮೇಲೆ ಏನು ಬರುತ್ತದೆ ನೋಡಿ. ಆಮೇಲೆ ಅದೇ ಲಿಸ್ಟಿನಿಂದ ಇನ್ನೊಂದು ಇಟರೇಟರ್ ತೆಗೆಯಿರಿ. ಕಾರವಾರ ಮತ್ತೆ ಬರುತ್ತದೆ.

ನಮಸ್ಕಾರ.