ಹನ್ನೆರಡೇ ವರ್ಷ ಎಂದು ಮೂಗು ಮುರಿಯಬೇಡಿ

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ ಎರಡು ದಿನದಿಂದ ತಲೆ ಕೊರೆಯುತ್ತಿದೆ. ‘ಹನ್ನೆರಡೇ ವರ್ಷಕ್ಕೆ ಬಾಗಿಲು ಹಾಕಿದ ಗಾಲ್ಫ್ ಟೂರ್ನಿಯ ಬಗ್ಗೆ ಇಷ್ಟು ಮಾತು ಏಕೆ?’

ಏಕೆಂದರೆ ದೊಡ್ಡ ಹಣ, ಟಿವಿ ಎರಡನ್ನೂ ಗಾಲ್ಫ್‌ಗೆ ತಂದದ್ದು ಅದೇ ಟೂರ್ನಿ, ಅಮೆರಿಕದ ಜಾರ್ಜ್ ಮೇ ನಡೆಸಿದ ‘ವಿಶ್ವ ಚಾಂಪಿಯನ್‌ಶಿಪ್’!

ಶಿಕಾಗೋ ಪಕ್ಕದ ನೈಲ್ಸ್‌ನಲ್ಲಿ ಟ್ಯಾಮ್ ಓಶಾಂಟರ್ ಕ್ಲಬ್. ಅದರ ಯಜಮಾನ ಜಾರ್ಜ್ ಮೇ. ಆತ ಅಲ್ಲಿ 1946ರಿಂದ 1957ರವರೆಗೆ ಈ ‘ವಿಶ್ವ ಚಾಂಪಿಯನ್‌ಶಿಪ್’ ನಡೆಸಿದ. 1953ರಲ್ಲಿ ಗಾಲ್ಫ್‌ನ ಪ್ರತಿಷ್ಠಿತ ಟೂರ್ನಿ ಯು.ಎಸ್. ಓಪನ್ ಗೆದ್ದ ಬೆನ್ ಹೋಗನ್‌ಗೆ ಸಿಕ್ಕಿದ್ದು 5,000 ಡಾಲರ್. ಅದೇ ವರ್ಷ ಜಾರ್ಜ್ ಮೇ ಇಟ್ಟ ಮೊದಲ ಬಹುಮಾನ 25,000. ಮರುವರ್ಷ 50,000!

ಆ 1953ರ ಕೊನೆಯ ಕುಳಿಯನ್ನು ನೋಡಿ. ಚಾಂಡ್ಲರ್ ಹಾರ್ಪರ್ ಆಟ ಮುಗಿಸಿ ಮುಂದಿದ್ದಾನೆ. ಆ ಕುಳಿಗೆ ನಿಗದಿಯಾದ ನಾಲ್ಕು ಹೊಡೆತದಲ್ಲಿ ಲ್ಯೂ ವರ್ಷಮ್ ಒಂದನ್ನು ಉಳಿಸಿದರೆ ಸಮ, ಅಷ್ಟೇ. ನೂರು ಗಜಕ್ಕೂ ಹೆಚ್ಚು ದೂರದಿಂದ ವೆಜ್ (ಚೆಂಡನ್ನು ಎತ್ತರಕ್ಕೆ ಚಿಮ್ಮಿಸುವ ಗಾಲ್ಫ್ ಕೋಲು) ಬೀಸಿದ. ಚೆಂಡು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಬಿದ್ದು ಉರುಳಿತು, ಉರುಳಿತು, ನೇರ ಕುಳಿಯೊಳಗೆ ಇಳಿಯಿತು! ನಾಲ್ಕು ಹೊಡೆತದ ಕುಳಿಗೆ ಎರಡೇ ಹೊಡೆತ, ವರ್ಷಮ್ ಗೆದ್ದ. ಇಡೀ ಅಮೆರಿಕಕ್ಕೆ ನೇರ ಪ್ರಸಾರವಾದ ಮೊದಲ ಗಾಲ್ಫ್ ಟೂರ್ನಿ ಮುಗಿದದ್ದು ಹೀಗೆ. ಹನ್ನೆರಡೇ ವರ್ಷವಂತೆ!

‘ಮೇ ಗಾಲ್ಫನ್ನು ಸರ್ಕಸ್ ಮಾಡಿದ’ ಎನ್ನುವವರಿದ್ದಾರೆ. ಆಟಗಾರರು ಬೆನ್ನಿಗೆ ಸಂಖ್ಯೆ ಕಟ್ಟಿಕೊಳ್ಳಲಿ ಎಂದದ್ದೇ ದೊಡ್ಡ ಅಪರಾಧ! ದೂರ ನಿಂತ ಪ್ರೇಕ್ಷಕನಿಗೆ ಯಾರು ಯಾರೆಂದು ತಿಳಿಯಬೇಡವೇ? ನಮ್ಮ ಕಬಡ್ಡಿ ಆಟಗಾರರ ಬೆನ್ನ ಮೇಲೆ ಸಂಖ್ಯೆಯಿಲ್ಲವೇ? ಅದರಿಂದ ಯಾರ ಮಾನ ಹೋಯಿತು? ಇನ್ನು ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘ 1961ರವರೆಗೂ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ ಇಟ್ಟುಕೊಂಡಿತ್ತು. ಜಾರ್ಜ್ ಮೇ 1940ರ ದಶಕದಲ್ಲೇ ತನ್ನ ಅಂಗಳವನ್ನು ಕಪ್ಪು ಆಟಗಾರರಿಗೆ ತೆರೆದಿದ್ದ. ಈಗ ಹೇಳಿ, ಮರ್ಯಾದಸ್ಥರು ಯಾರು?

ಇಂದಿನ ಆಟಗಾರರು ಕೋಟಿಗಟ್ಟಲೆ ಎಣಿಸುವಾಗ ಮೇಯ ಹೆಸರನ್ನು ಯಾರೂ ಎತ್ತುವುದಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಹಣ ತಂದವನು ಅವನು, ಟಿವಿ ತಂದವನು ಅವನು. ಅವನೇ!

ಚಾನೆಲ್‌ಗೆ ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ಮುಂದಿನ ವಾರ 1954ರಲ್ಲಿ 50,000 ಡಾಲರ್ ಗೆದ್ದ ಬಾಬ್ ಟಾಸ್ಕಿಯ ಕಥೆ. ಅಷ್ಟರೊಳಗೆ ಮತ್ತೆ ಯಾರಾದರೂ ‘ಹನ್ನೆರಡೇ ವರ್ಷ’ ಎಂದು ಬರೆದರೆ, ವರ್ಷಮ್‌ನ ಆ ಹೊಡೆತವನ್ನು ಮೊದಲಿನಿಂದ ಇನ್ನೊಮ್ಮೆ ಹೇಳುತ್ತೇನೆ.