ಸೂಜಿಮೊನೆಯಿಂದ ಹೊರಡುವ ಲೋಹ

ಕೇಳುಗರಿಗೆ ನಮಸ್ಕಾರ.

2018ರ ಜನವರಿ 12ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ40 ರಾಕೆಟ್ಟಿನಲ್ಲಿ 31 ಉಪಗ್ರಹಗಳಿದ್ದವು. ಅವುಗಳಲ್ಲೊಂದು ಪುಟ್ಟ ಕ್ಯೂಬ್‌ಸ್ಯಾಟ್. ಆಸ್ಟ್ರಿಯಾದಲ್ಲಿ ತಯಾರಾದ 'ಐಎಫ್‌ಎಂ ನ್ಯಾನೋ' ಎಂಬ ಥ್ರಸ್ಟರ್ ಬಾಹ್ಯಾಕಾಶದಲ್ಲಿ ಮೊದಲ ಸಲ ಪರೀಕ್ಷೆಗೊಳಗಾದದ್ದು ಅದರಲ್ಲೇ. ಥ್ರಸ್ಟರ್ ಅಂದರೆ ಉಪಗ್ರಹವನ್ನು ನೂಕುವ ಪುಟ್ಟ ಎಂಜಿನ್; ಇದು ಹೆಚ್ಚುಕಡಿಮೆ ಹತ್ತು ಸೆಂಟಿಮೀಟರಿನ ಘನಾಕಾರದ ಡಬ್ಬಿ. ಒಳಗೆ ನೋದಕವಾಗಿ, ಅಂದರೆ ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗಲು ಬಳಸುವ ವಸ್ತುವಾಗಿ, ಸುಮಾರು ಕಾಲು ಕಿಲೋ ಇಂಡಿಯಂ. ಉಗುರಿನಲ್ಲಿ ಗೀರಬಹುದಾದಷ್ಟು ಮೆತ್ತನೆಯ ಲೋಹ ಇದು. ಉಡಾವಣೆಯ ಹೊತ್ತಿನಲ್ಲಿ ಗಟ್ಟಿಯಾಗಿಯೇ ಇರುವುದರಿಂದ ಒತ್ತಡ ತುಂಬಿದ ಟ್ಯಾಂಕಾಗಲಿ, ಕವಾಟವಾಗಲಿ ಬೇಕಿಲ್ಲ. ದೊಡ್ಡ ಉಪಗ್ರಹದ ಪಕ್ಕದಲ್ಲಿ ಜಾಗ ಕೇಳುವ ಚಿಕ್ಕ ಉಪಗ್ರಹಕ್ಕೆ ಇದು ಸಣ್ಣ ಅನುಕೂಲವಲ್ಲ.

ಕಕ್ಷೆ ತಲುಪಿದ ಮೇಲೆ ಮೊದಲ ಕೆಲಸ ಕಾಯಿಸುವುದು. ಇಂಡಿಯಂ ಕರಗುವುದು 156.6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕರಗಿದ ಲೋಹ, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಸೂಕ್ಷ್ಮ ರಂಧ್ರಗಳಿರುವ ಟಂಗ್‌ಸ್ಟನ್ ಸೂಜಿಗಳ ಮೊನೆಗೆ ತಾನಾಗಿ ಏರುತ್ತದೆ. ಕಿರೀಟದಂತೆ ಸುತ್ತ ಜೋಡಿಸಿದ ಇಂಥ 28 ಸೂಜಿಗಳಿವೆ. ಪಂಪ್ ಇಲ್ಲ.

ಸೂಜಿಗಳಿಗೆ ಕೆಲವು ಸಾವಿರ ವೋಲ್ಟ್ ಧನ ವಿಭವ, ಎದುರಿನ ಉಂಗುರಕ್ಕೆ ಋಣ ವಿಭವ ಕೊಡುತ್ತಾರೆ. ಮೊನೆಯ ದ್ರವವನ್ನು ವಿದ್ಯುತ್ ಕ್ಷೇತ್ರ ಹೊರಕ್ಕೆಳೆಯುತ್ತದೆ, ಮೇಲ್ಮೈ ಎಳೆತ ಒಳಕ್ಕೆಳೆಯುತ್ತದೆ. ಈ ಜಗ್ಗಾಟದಲ್ಲಿ ದ್ರವ ಶಂಕುವಿನ ಆಕಾರ ತಾಳುತ್ತದೆ. ಅದರ ಅರ್ಧಕೋನ 49.3 ಡಿಗ್ರಿ ಎಂದು 1964ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಬ್ರಿಟಿಷ್ ಭೌತವಿಜ್ಞಾನಿ ಜೆಫ್ರಿ ಟೇಲರ್. ಶಂಕುವಿನ ತುದಿಯಲ್ಲಿ ಕ್ಷೇತ್ರ ಎಷ್ಟು ತೀವ್ರವೆಂದರೆ ಇಂಡಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಂಶದ ಅಯಾನುಗಳಾಗಿ ಚಿಮ್ಮುತ್ತವೆ.

ಸೂಜಿ 6,000 ವೋಲ್ಟಿನಲ್ಲಿದ್ದರೆ ಅಯಾನಿನ ವೇಗ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್. ಮೂರು ಮಿಲಿಆಂಪಿಯರ್ ಹರಿದರೆ ಸಿಗುವ ನೂಕುಬಲ ಮಾತ್ರ ಸುಮಾರು 0.35 ಮಿಲಿನ್ಯೂಟನ್, ಅಂದರೆ ಭೂಮಿಯ ಮೇಲೆ 36 ಮಿಲಿಗ್ರಾಂ ತೂಕ ಒತ್ತುವಷ್ಟು. ನಗಬೇಡಿ. ನಾಲ್ಕು ಕಿಲೋ ಉಪಗ್ರಹವನ್ನು ಒಂದು ದಿನ ಬಿಡದೆ ಹೀಗೆ ನೂಕಿದರೆ ಅದರ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಬದಲಾಗುತ್ತದೆ.

ಕಷ್ಟವೆಲ್ಲ ಇರುವುದು ಮೊನೆಯಲ್ಲಿ. ಒಂದೊಂದು ಸೂಜಿಯ ಪಾಲಿಗೆ ಬರುವುದು ಸುಮಾರು ನೂರು ಮೈಕ್ರೋಆಂಪಿಯರ್. ಅದನ್ನು ಏರಿಸುತ್ತ ಹೋದಂತೆ ಅಯಾನುಗಳ ಜೊತೆ ಸಣ್ಣ ಹನಿಗಳೂ ಸಿಡಿಯುತ್ತವೆ. ಹನಿಗೆ ತೂಕ ಜಾಸ್ತಿ, ವಿದ್ಯುದಂಶ ಕಡಿಮೆ. ನಿಧಾನವಾಗಿ ಹೋಗುತ್ತದೆ, ನೋದಕವನ್ನು ಮಾತ್ರ ತಿನ್ನುತ್ತದೆ. ಇಂತಿಷ್ಟು ನೋದಕದಿಂದ ಎಷ್ಟು ನೂಕು ಸಿಗುತ್ತದೆ ಎಂಬುದರ ಅಳತೆಗೆ ವಿಶಿಷ್ಟ ಆವೇಗ ಎನ್ನುತ್ತಾರೆ, ಅದನ್ನು ಹೇಳುವುದು ಸೆಕೆಂಡುಗಳಲ್ಲಿ. ಲೆಕ್ಕದಲ್ಲಿ 10,000 ಸೆಕೆಂಡಿನ ಹತ್ತಿರ ಇರಬೇಕಾದ ಅದು ನಿಜದಲ್ಲಿ 2,000 ಮತ್ತು 6,000 ಸೆಕೆಂಡಿನ ನಡುವೆ ಉಳಿಯಲು ಈ ಹನಿಗಳೇ ಮುಖ್ಯ ಕಾರಣ. ಹನಿ ಉಂಗುರದ ಅಂಚಿಗೆ ಅಂಟಿ ಬೆಳೆದರೆ ಸೂಜಿಗೂ ಉಂಗುರಕ್ಕೂ ನಡುವೆ ಶಾರ್ಟ್ ಆಗಬಹುದು. ಸೂಜಿಗಳು ಒಂದೇ ಸಮ ಇಲ್ಲದಿದ್ದರೆ ಹೆಚ್ಚು ಚೂಪಾದದ್ದು ಮೊದಲು ಹೊತ್ತಿಕೊಂಡು ಉಳಿದವುಗಳ ಪಾಲನ್ನೂ ಕಸಿಯುತ್ತದೆ. ಬಿಸಿ ಲೋಹಕ್ಕೆ ಆಮ್ಲಜನಕ ತಗಲಿದರೆ ಆಕ್ಸೈಡ್ ಪೊರೆ ಕಟ್ಟಿ, ಶಂಕು ಏಳುವುದೇ ಇಲ್ಲ. ಈ ಯಂತ್ರದಲ್ಲಿ ಭೌತಶಾಸ್ತ್ರಕ್ಕಿಂತ ಸೂಜಿ ಮಾಡುವ ಕೈಗಾರಿಕೆಯೇ ಕಷ್ಟದ್ದು ಅನ್ನಬೇಕು.

ಇನ್ನೊಂದು ಭಾಗ ಮರೆಯುವಂತಿಲ್ಲ. ಧನ ಅಯಾನುಗಳು ಹೊರಟಂತೆಲ್ಲ ಉಪಗ್ರಹ ಋಣವಾಗುತ್ತ ಹೋಗುತ್ತದೆ, ಕೊನೆಗೆ ಅವನ್ನೇ ಹಿಂದಕ್ಕೆಳೆಯುತ್ತದೆ. ಅದಕ್ಕೇ ಪಕ್ಕದಲ್ಲಿ ಕಾದ ತಂತುವಿನಿಂದ ಅಷ್ಟೇ ಪ್ರಮಾಣದ ಎಲೆಕ್ಟ್ರಾನುಗಳನ್ನು ಹೊರಬಿಡಬೇಕು. ಈ ತಂತು ಸುಟ್ಟುಹೋದರೆ ಸೂಜಿಗಳೆಲ್ಲ ಸರಿಯಿದ್ದರೂ ಥ್ರಸ್ಟರ್ ನಿಂತಂತೆಯೇ. ಹಾಗಾಗಿ ಇಂಥ ಎಲೆಕ್ಟ್ರಾನ್ ಮೂಲಗಳನ್ನು ಎರಡು ಇಟ್ಟಿರುತ್ತಾರೆ.