ಒಂದು ಮೊಳ ಹಿಂದೆ

ಕೇಳುಗರಿಗೆ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎಂಟು ವರ್ಷದಿಂದ ಭಾನುವಾರ, ರಜೆ ಅಂತ ಬಿಡುವು ಸಿಕ್ಕಾಗಲೆಲ್ಲ ರೋಡ್ ರೇಸಿಗೆ, ಅಂದರೆ ರಸ್ತೆ ಮೇಲಿನ ಸೈಕಲ್ ಪಂದ್ಯಕ್ಕೆ, ಹೋಗುತ್ತಿದ್ದೇನೆ. ನನಗೆ ತಂಡ ಇಲ್ಲ, ಕೋಚ್ ಇಲ್ಲ, ಇದರಿಂದ ಸಂಬಳವೂ ಇಲ್ಲ. ಇಷ್ಟ ಅಂತ ಹೋಗುತ್ತೇನೆ, ಅಷ್ಟೇ.

ಈ ಹೊತ್ತಿನಲ್ಲಿ ರೇಡಿಯೋ ಯಾರ ಮನೆಯಲ್ಲಿ ಹಾಡುತ್ತಿರುತ್ತದೆ ಅಂತ ನನಗೆ ಗೊತ್ತು. ನಮ್ಮಮ್ಮ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ದಿನಾ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದಳು. ಅಂಥ ಮನೆಯಲ್ಲಿ ಹದಿನಾಲ್ಕೋ ಹದಿನೈದೋ ವರ್ಷದ ಹುಡುಗಿ ಒಬ್ಬಳು ಇರುತ್ತಾಳೆ, ಏರು ಇಳಿಜಾರು ಅನ್ನದೆ ಸೈಕಲ್ ತುಳಿದು ಸ್ಕೂಲಿಗೆ ಹೋಗಿ ಬರುತ್ತಾಳೆ. ನಾನು ಇವತ್ತು ಅವಳ ಹತ್ತಿರ ಮಾತಾಡಲು ಬಂದಿದ್ದೇನೆ. ಉಳಿದವರು ದಯವಿಟ್ಟು ಕೇಳಿಸಿಕೊಳ್ಳಿ, ಆಮೇಲೆ ಅವಳನ್ನು ಕಳಿಸಬೇಕಾದವರು ನೀವೇ ಅಲ್ವಾ.

ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ರೋಡ್ ರೇಸಿನಲ್ಲಿ ನಿನ್ನ ಎದುರಾಳಿ ಗಾಳಿ. ಗಾಳಿಯಿಂದ ಬಚ್ಚಿಟ್ಟುಕೊಳ್ಳುವುದನ್ನು ಕಲಿ.

ಜನ ನನ್ನನ್ನು ಕೇಳುವುದು ಮಾತ್ರ ಬೇರೆ. ಸೈಕಲ್ಲಿಗೆ ಎಷ್ಟು ಕೊಟ್ಟಿರಿ? ಗೇರ್ ಎಷ್ಟಿದೆ? ಮನೆಯಲ್ಲಿ ಏನೂ ಅನ್ನಲ್ವಾ? ಎಂಟು ವರ್ಷದಲ್ಲಿ ಒಬ್ಬರಾದರೂ ಗಾಳಿ ಬಗ್ಗೆ ಕೇಳಿದ್ದು ನನಗೆ ನೆನಪಿಲ್ಲ. ಸೈಕಲ್ಲಿನ ರೇಟು ಕೇಳುವುದನ್ನು ಸ್ವಲ್ಪ ಪಕ್ಕಕ್ಕಿಡೋಣ.

ಲೆಕ್ಕ ಹೀಗಿದೆ. ನೀನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀಯ ಅಂದುಕೊ. ವೇಗ 40 ಆದರೆ ಎದುರಿನ ಗಾಳಿ ತಳ್ಳುವುದು ನಾಲ್ಕು ಪಟ್ಟು ಆಗುತ್ತದೆ, ಅದನ್ನು ಸೀಳಿಕೊಂಡು ಹೋಗಲು ನಿನ್ನ ಕಾಲು ಪ್ರತಿ ಸೆಕೆಂಡಿಗೆ ಮಾಡಬೇಕಾದ ಕೆಲಸ ಎಂಟು ಪಟ್ಟು ಆಗುತ್ತದೆ. ಎಂಟು ಪಟ್ಟು! ಆದರೆ ಇನ್ನೊಬ್ಬಳ ಹಿಂದೆ ಅಂಟಿಕೊಂಡು ಹೋದರೆ ಆ ಕೆಲಸದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಆಗುತ್ತದೆ. ಇದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ಆಷಾಢದ ಗಾಳಿಮಳೆಯಲ್ಲಿ ಅಮ್ಮ ಕೊಡೆ ಅಡ್ಡ ಹಿಡಿದು ಮುಂದೆ ನಡೆಯುವಾಗ ನೀನು ಅವಳ ಸೆರಗು ಹಿಡಿದುಕೊಂಡು ಹಿಂದೆ ನಡೆದಿದ್ದೀಯಲ್ಲ, ಅದೇ ಇದು.

ಮಲೆನಾಡಿನವರಿಗೆ ಇದು ಯಾಕೆ ಗೊತ್ತಿಲ್ಲ ಅಂದರೆ, ನಮ್ಮಲ್ಲಿ ಎಲ್ಲಾ ಏರು. ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಇದ್ದರೆ ಹೆಚ್ಚು. ಅಲ್ಲಿ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ನಿನ್ನ ತೂಕ ಮತ್ತು ಸೈಕಲ್ ತೂಕ ಅಷ್ಟೇ. ರಸ್ತೆಯ ಎರಡೂ ಕಡೆ ಕಾಡು ಬೇರೆ. ಹಾಗಾಗಿ ನಮ್ಮ ಹುಡುಗಿಯರಿಗೆ ಕಾಲು ಗಟ್ಟಿ ಇರುತ್ತದೆ, ಗಾಳಿ ಗೊತ್ತಿರುವುದಿಲ್ಲ. ನನಗೂ ಹಾಗೇ ಆಯ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಮಾರನೇ ವರ್ಷ ನನಗೂ ಒಂದು ಸಿಕ್ಕಿತು. ಮಂಡಗದ್ದೆ ಹತ್ತಿರದ ನಮ್ಮ ಮನೆಯಿಂದ ಸ್ಕೂಲಿಗೆ ಏಳು ಕಿಲೋಮೀಟರ್. ಗೇರಿಲ್ಲದ ಆ ಭಾರದ ಸೈಕಲ್ಲನ್ನು ಮೂರು ವರ್ಷ ತುಳಿದೆ. ಏರಿನಲ್ಲಿ ಇಳಿದು ತಳ್ಳಬಾರದು ಅಂತ ನನಗೆ ನಾನೇ ಹಾಕಿಕೊಂಡ ಪಂಥ. ಮುಂದೆ ಕೆಲಸ ಸಿಕ್ಕ ಮೇಲೆ ದುಡ್ಡು ಕೂಡಿಟ್ಟು ಹಳೆಯದೊಂದು ರೋಡ್ ಬೈಕ್, ಅಂದರೆ ರೇಸಿನ ಸೈಕಲ್, ತೆಗೆದುಕೊಂಡೆ. ಒಂದೇ ಕೈಯಲ್ಲಿ ಎತ್ತಿಬಿಟ್ಟೆ ಅದನ್ನು, ಅಷ್ಟು ಹಗುರ. ಒಂದು ವರ್ಷ ತೀರ್ಥಹಳ್ಳಿ ರಸ್ತೆಯಲ್ಲಿ ಒಬ್ಬಳೇ ಹೊಡೆದೆ. ನನ್ನನ್ನು ಹಿಂದೆ ಹಾಕುವವರು ಯಾರೂ ಇರಲಿಲ್ಲ, ಯಾಕಂದರೆ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲ ರೇಸ್ ಚಿಕ್ಕಬಳ್ಳಾಪುರದ ಕಡೆ, 60 ಕಿಲೋಮೀಟರ್. ಹೆಂಗಸರು ಒಟ್ಟು 14 ಜನ. ಬಯಲು ರಸ್ತೆ, ಏರೇ ಇಲ್ಲ ಅನ್ನಬಹುದು. ನಾನು ಶುರುವಿನಿಂದಲೇ ಮುಂದೆ ಹೋದೆ. 30 ಕಿಲೋಮೀಟರಿಗೆ ಒಂದು ತಿರುವು ಬಂತು, ತಿರುಗಿದ ತಕ್ಷಣ ಎದುರುಗಾಳಿ. ಅಂಥ ಗಾಳಿಯನ್ನು ನಾನು ಸೈಕಲ್ ಮೇಲೆ ಕಂಡಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಕೆನ್ನೆಗೆ ಪಟಪಟ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರು. ಆದರೂ ಮುಂದೆಯೇ ಇದ್ದೆ. ಯಾರೂ ನನ್ನನ್ನು ದಾಟುತ್ತಿಲ್ಲ, ಹಾಗಾದರೆ ನಾನೇ ಎಲ್ಲರಿಗಿಂತ ಗಟ್ಟಿ ಅಂತ ತಿಳಿದುಕೊಂಡೆ. ಸುಮಾರು 20 ಕಿಲೋಮೀಟರ್ ಹಾಗೇ ಎಳೆದೆ.

ಒಂದು ಸಲ ತಿರುಗಿ ನೋಡಿದೆ. ಹಿಂದೆ ಹದಿಮೂರೂ ಜನ ಸಾಲಾಗಿ ಬರುತ್ತಿದ್ದರು. ನಾಲ್ಕನೆಯವಳು ಜೇಬಿನಿಂದ ಶೇಂಗಾ ಚಿಕ್ಕಿ ತೆಗೆದು, ಹಲ್ಲಿನಲ್ಲೇ ಕಾಗದ ಹರಿದು, ನಿಧಾನವಾಗಿ ಅಗಿಯುತ್ತಿದ್ದಳು. ನನಗೆ ಒಂದು ಗುಟುಕು ನೀರು ಕುಡಿಯುವಷ್ಟು ಉಸಿರಿರಲಿಲ್ಲ. ಆಗಲೂ ನನಗೆ ಅರ್ಥವಾಗಲಿಲ್ಲ.

ಕೊನೆಯ 400 ಮೀಟರಿನಲ್ಲಿ ಬಲಗಡೆಯಿಂದ ಒಬ್ಬಳು ಹೋದಳು. ಎಡಗಡೆಯಿಂದ ಇಬ್ಬರು. ಎದ್ದು ನಿಂತು ತುಳಿಯಲು ನೋಡಿದೆ, ತೊಡೆ ಮರಗಟ್ಟಿತ್ತು. ಹನ್ನೊಂದನೆಯವಳಾಗಿ ಗೆರೆ ದಾಟಿದೆ. ಗೆದ್ದವಳು ಅದೇ ಚಿಕ್ಕಿ ಹುಡುಗಿ, ಬಾಗಲಕೋಟೆ ಕಡೆಯವಳು, ನನಗಿಂತ ಚಿಕ್ಕವಳು. ಹುಣಸೆ ಮರದ ಕೆಳಗೆ ನಾನು ತಲೆ ತಗ್ಗಿಸಿ ಕೂತಿದ್ದೆ. ತಾನಾಗಿ ಬಂದು ಪಕ್ಕ ಕೂತು, 'ಅಕ್ಕಾ, ಅಷ್ಟೂ ಗಾಳಿ ನೀವೊಬ್ಬರ ಯಾಕ ತಗೊಂಡ್ರಿ? ನಾವೆಲ್ಲಾ ನಿಮ್ಮ ಬೆನ್ನಿಂದ ಆರಾಮ ಬಂದ್ವಿ. ನಮ್ಮ ಕಡೆ ಹುಡುಗ್ಯಾರಿಗೆ ಮೊದಲ ಇದನ್ನ ಕಲಸ್ತಾರ' ಅಂದಳು. ವಿಜಯಪುರ, ಬಾಗಲಕೋಟೆ ಅಂದರೆ ನಮ್ಮ ರಾಜ್ಯದಲ್ಲಿ ಸೈಕಲ್ಲಿನ ತವರು. ಅಲ್ಲಿ ಗುಂಪು ಇದೆ, ಹಿರಿಯರು ಇದ್ದಾರೆ, ಬಯಲಿನ ಗಾಳಿ ಇದೆ. ಆ ಹುಡುಗಿ ಅವತ್ತು ಮಧ್ಯಾಹ್ನ ಊಟ ಬಿಟ್ಟು ಒಂದು ಗಂಟೆ ನನ್ನ ಜೊತೆ ಸೈಕಲ್ ಹೊಡೆದಳು. ನಾನು ಇವತ್ತು ನಿಮಗೆ ಹೇಳುತ್ತಿರುವುದೆಲ್ಲ ಅವಳು ಕೊಟ್ಟದ್ದು.

ಅವಳು ಕಲಿಸಿದ್ದು ಇದು. ನಿನ್ನ ಮುಂದಿನ ಚಕ್ರಕ್ಕೂ ಮುಂದಿನವಳ ಹಿಂದಿನ ಚಕ್ರಕ್ಕೂ ಒಂದು ಮೊಳ ಜಾಗ ಇರಲಿ. ಮೊಣಕೈಯಿಂದ ಬೆರಳ ತುದಿಯವರೆಗೆ, ಹೂವು ಅಳೆಯುತ್ತಾರಲ್ಲ, ಆ ಮೊಳ. ಶುರುವಿನಲ್ಲಿ ಭಯ ಆಗುತ್ತದೆ, ಆಗ ಎರಡು ಮೊಳ ಬಿಡು. ಅವಳ ಚಕ್ರವನ್ನೇ ದಿಟ್ಟಿಸಬೇಡ, ಅವಳ ಸೊಂಟ ನೋಡು, ಅವಳ ಹೆಗಲ ಮೇಲಿಂದ ರಸ್ತೆ ನೋಡು. ನಿನ್ನ ಚಕ್ರ ಅವಳ ಚಕ್ರದ ಪಕ್ಕಕ್ಕೆ ನುಗ್ಗಲು ಬಿಡಬೇಡ. ತಾಗಿದರೆ ಬೀಳುವುದು ಹಿಂದಿನವಳು. ಗಟ್ಟಿ ಬ್ರೇಕ್ ಹಾಕಬೇಡ, ತುಳಿಯುವುದನ್ನು ನಿಧಾನ ಮಾಡು ಸಾಕು. ಗುಂಡಿ ಬಂದರೆ ಕೈ ಕೆಳಗೆ ಮಾಡಿ ಹಿಂದಿನವಳಿಗೆ ತೋರಿಸು. ನಮ್ಮ ರಸ್ತೆಯಲ್ಲಿ ಈ ಅಭ್ಯಾಸಕ್ಕೆ ಗುಂಡಿಗಳಿಗಂತೂ ಬರ ಇಲ್ಲ. ನಿನ್ನ ಸರದಿ ಬಂದಾಗ ಮುಂದೆ ಹೋಗು, ಒಂದೆರಡು ನಿಮಿಷ ಗಾಳಿ ತಗೊ, ಪಕ್ಕಕ್ಕೆ ಸರಿ, ಹಿಂದೆ ಬಾ. ಯಾವಾಗಲೂ ಹಿಂದೆಯೇ ಅಡಗಿ ಕೂತವಳನ್ನು ಗುಂಪು ಮರೆಯುವುದಿಲ್ಲ, ಯಾವಾಗಲೂ ಮುಂದೆಯೇ ಇರುವವಳು ಗೆಲ್ಲುವುದಿಲ್ಲ. ಗಾಳಿ ಪಕ್ಕದಿಂದ ಬಂದರೆ ಸಾಲೂ ಓರೆ ಆಗಬೇಕು. ಸಂಜೆ ಮಂಡಗದ್ದೆಗೆ ವಾಪಸ್ಸು ಬರುವ ಬೆಳ್ಳಕ್ಕಿ ಸಾಲು ನೋಡಿದ್ದೀಯಲ್ಲ, ಹಾಗೆ.

ಮಾತು ಉದ್ದವಾಯ್ತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಂಟೆಗೊಮ್ಮೆ ಏನಾದರೂ ತಿನ್ನು, ಹಸಿವಾಗುವ ತನಕ ಕಾಯಬೇಡ. ಬಾಳೆಹಣ್ಣು ಸಾಕು. ಮಳೆಗಾಲದಲ್ಲಿ ರಸ್ತೆ ಬದಿಯ ಪಾಚಿ ಮೇಲೆ ಹೋಗಬೇಡ, ಇಳಿಜಾರಿನಲ್ಲಿ ತಿರುವಿಗೆ ಮೊದಲೇ ವೇಗ ಇಳಿಸು. ಮುಟ್ಟಿನ ದಿನ ತುಳಿಯಬಾರದು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಮೈಗೆ ಆಗುತ್ತದೆ ಅನ್ನಿಸಿದರೆ ಹೋಗು, ಇಲ್ಲದಿದ್ದರೆ ಮಲಗು. ಒಲಿಂಪಿಕ್ಸಿನಲ್ಲಿ ಗಂಡಸರು 1896ರಲ್ಲೇ ರೋಡ್ ರೇಸ್ ಮಾಡಿದರು, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ. ಆ 88 ವರ್ಷದ ಬಗ್ಗೆ ನನಗೆ ಹೇಳುವುದು ತುಂಬಾ ಇದೆ, ಇವತ್ತು ಸಮಯ ಇಲ್ಲ.

ಆದರೆ ಒಬ್ಬಳ ಹೆಸರು ಹೇಳದೆ ನಾನು ಏಳುವುದಿಲ್ಲ. ಆನಾ ಕೀಸೆನ್‌ಹೋಫರ್, ಆಸ್ಟ್ರಿಯಾದವಳು. ಗಣಿತದಲ್ಲಿ ಡಾಕ್ಟರೇಟ್ ಮಾಡಿದವಳು, ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ, ನಮ್ಮ ಹಾಗೆ. 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸಿನ 137 ಕಿಲೋಮೀಟರ್ ರೇಸಿನಲ್ಲಿ ಶುರುವಾದ ಕೂಡಲೇ ಮುಂದೆ ಹೋದಳು. ಜೊತೆಗೆ ಇನ್ನೂ ನಾಲ್ವರು ಸೇರಿದರು. ಅವರ ಜೊತೆ ಗಾಳಿ ಹಂಚಿಕೊಂಡಳು. ಕೊನೆಯ 40 ಕಿಲೋಮೀಟರ್ ಮಾತ್ರ ಒಬ್ಬಳೇ ತುಳಿದಳು. ಹಿಂದಿನ ಗುಂಪಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಹೆಸರುಗಳಿದ್ದವು. ಮುಂದೆ ಏನಾಗುತ್ತಿದೆ ಅಂತ ತಂಡದವರು ತಿಳಿಸುವ ರೇಡಿಯೋ ಒಲಿಂಪಿಕ್ಸಿನಲ್ಲಿ ಕಿವಿಗೆ ಇರುವುದಿಲ್ಲ, ಮುಂದೆ ಒಬ್ಬಳು ಇದ್ದಾಳೆ ಅನ್ನುವುದೇ ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಎರಡನೆಯವಳಾಗಿ ಬಂದ ನೆದರ್ಲೆಂಡ್ಸಿನ ಅನೆಮಿಕ್ ಫಾನ್ ಫ್ಲೂಟೆನ್ ತಾನೇ ಗೆದ್ದೆ ಅಂದುಕೊಂಡು ಕೈ ಎತ್ತಿದಳು. ಆನಾ ಆಗಲೇ ಗೆರೆ ದಾಟಿ ಒಂದು ನಿಮಿಷಕ್ಕೂ ಜಾಸ್ತಿ ಆಗಿತ್ತು. ಆಮೇಲೆ ಒಂದು ದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಆ ರೇಸ್ ಬರೆದು ಇಡೀ ಪೀರಿಯಡ್ ಪಾಠ ಮಾಡಿದೆ.

ಗುಂಪು ಇಲ್ಲ ಅಂತ ಹೇಳಬೇಡಿ. ಇಬ್ಬರಿದ್ದರೆ ಅದೇ ಗುಂಪು. ಅಕ್ಕ ತಂಗಿ ಸಾಕು, ಪಕ್ಕದ ಮನೆ ಹುಡುಗಿ ಸಾಕು, ಸರ್ಕಾರಿ ಸೈಕಲ್ಲೂ ಸಾಕು. ಭಾನುವಾರ ಬೆಳಗ್ಗೆ ಆರಕ್ಕೆ ನಾನು ಗಾಜನೂರು ಡ್ಯಾಮಿನ ತಿರುವಿನಲ್ಲಿ ಇರುತ್ತೇನೆ, ಮಳೆ ಇದ್ದರೂ ಇರುತ್ತೇನೆ. ಹೆಲ್ಮೆಟ್ ತನ್ನಿ, ಇಲ್ಲದಿದ್ದರೆ ನನ್ನ ಹತ್ತಿರ ಎರಡು ಹೆಚ್ಚಿಗೆ ಇವೆ. ಅಪ್ಪ ಅಮ್ಮ ಬೇಕಾದರೆ ಸ್ಕೂಟರಿನಲ್ಲಿ ಹಿಂದೆ ಬರಲಿ. ಸಕ್ರೆಬೈಲಿನವರೆಗೆ ನಾನು ಮುಂದೆ ಇದ್ದು ಗಾಳಿ ತಗೊಳ್ಳುತ್ತೇನೆ. ವಾಪಸ್ಸು ಬರುವಾಗ ಮುಂದೆ ನೀವು.

ನಮಸ್ಕಾರ.